ಥ್ಯಾಕರೆ: ಜೊಂಡಿನ ಮೂಲೆಯಿಂದ ಬಂದ ಅಡ್ಡಹೆಸರು

1824ರ ಅಕ್ಟೋಬರ್ 23ರಂದು ಕಿತ್ತೂರು ಕೋಟೆಯೆದುರು ಗುಂಡಿಗೆ ಬಲಿಯಾದ ಧಾರವಾಡದ ಕಲೆಕ್ಟರ್ ಥ್ಯಾಕರೆಯ ಹೆಸರು ನಮಗೆಲ್ಲ ಗೊತ್ತು. ಕಾದಂಬರಿಕಾರ ವಿಲಿಯಂ ಥ್ಯಾಕರೆ ಇವನ ಸೋದರನ ಮಗ. ಈ ಅಡ್ಡಹೆಸರು ಹುಲ್ಲಿನ ಚಾವಣಿ ಹೊದಿಸುವ ಕಸುಬಿನಿಂದ ಬಂತೆಂದು ಯಾರಿಗಾದರೂ ಅನ್ನಿಸಬಹುದು. ಥ್ಯಾಚರ್, ಥ್ಯಾಕರ್ ಎಂಬ ಹೆಸರುಗಳು ಬಂದದ್ದು ಹಾಗೆಯೇ. ಆದರೆ ಕೊನೆಯ ‘ರೆ’ ಎಲ್ಲಿಂದ ಬಂತು? ಕಸುಬು ಅದಕ್ಕೆ ಉತ್ತರ ಕೊಡುವುದಿಲ್ಲ, ನೆಲ ಕೊಡುತ್ತದೆ.

ವೈಕಿಂಗರ ನಾರ್ಸ್ ಭಾಷೆಯಲ್ಲಿ ‘ಥಾಕ್’ ಎಂದರೆ ಚಾವಣಿಯ ಹೊದಿಕೆ, ‘ವ್ರಾ’ ಎಂದರೆ ಮೂಲೆ. ಎರಡೂ ಸೇರಿದರೆ ಚಾವಣಿಗೆ ಬೇಕಾದ ಜೊಂಡು ಬೆಳೆಯುವ ಮೂಲೆ. ಇಂಗ್ಲೆಂಡಿನ ಯಾರ್ಕ್‌ಶೈರಿನಲ್ಲಿ, ಗ್ರೇಟ್ ಟಿಂಬಲ್ ಎಂಬಲ್ಲಿ, ಥ್ಯಾಕ್ರೇ ಎನ್ನುವ ಜಾಗವೇ ಇತ್ತು. ಇಂಗ್ಲಿಷ್ ನೆಲದಲ್ಲಿ ನಾರ್ಸ್ ಪದವೇ ಎಂದು ಅನುಮಾನ ಬೇಡ: ಯಾರ್ಕ್ ನಗರ 866ರಲ್ಲೇ ವೈಕಿಂಗರ ವಶವಾಗಿತ್ತು. ಕಲೆಕ್ಟರನ ಪೂರ್ವಿಕರ ಊರು ಹ್ಯಾಂಪ್ಸ್‌ತ್ವೇಟ್ ಕೂಡ ಅದೇ ಸೀಮೆಯದು.