ಎರಡನೇ ಟರ್ಬೊ

ಹೈದರಾಬಾದಿನ ಪುತ್ಲಿಬೌಲಿಯ ಬಿಡಿಭಾಗದ ಅಂಗಡಿಗಳನ್ನು ದಾಟಿ ಗಲ್ಲಿಯೊಳಗೆ ಹೊಕ್ಕರೆ ಗ್ರೀಸಿನ ವಾಸನೆ, ಅದರ ಹಿಂದೆಯೇ ಇರಾನಿ ಚಹಾದ ಘಮ. ಮೇ ತಿಂಗಳ ಮಧ್ಯಾಹ್ನ. ತಗಡಿನ ಸೂರು ಕಾದು ಚಟಚಟ ಅನ್ನುತ್ತಿದೆ. ಬಾನೆಟ್ ಎತ್ತಿಟ್ಟ ಪುಟ್ಟ ಕಾರಿನ ಮುಂದೆ ಗೋಣಿಚೀಲ ಹಾಸಿ ಉಸ್ತಾದ್ ಕೂತಿದ್ದಾರೆ. ಬೀದರ್ ಕಡೆಯವರು. ಗಿರಾಕಿಯೊಡನೆ ದಖನಿ, ಶಾಗಿರ್ದನೊಡನೆ ತೆಲುಗು, ನನ್ನೊಡನೆ ಊರಿನ ಕನ್ನಡ.

ಎಂಜಿನ್ 1,199 ಸಿಸಿ, ಮೂರು ಸಿಲಿಂಡರ್, ಪೆಟ್ರೋಲ್. ಕಂಪನಿ ಕೂರಿಸಿದ ಟರ್ಬೊ ಒಂದು ಅದರ ಪಕ್ಕೆಗೆ ಬಸವನಹುಳುವಿನಂತೆ ಅಂಟಿಕೊಂಡಿದೆ. ಹೊರಬೀಳುವ ಬಿಸಿಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಒತ್ತಿ ಎಂಜಿನ್‌ಗೆ ಉಣಿಸುತ್ತದೆ. ಇಷ್ಟು ಚಿಕ್ಕ ಚಕ್ರ ನಿಮಿಷಕ್ಕೆ 2 ಲಕ್ಷ ಸುತ್ತು ಹಾಕುವುದುಂಟು. ಇನ್ನೊಂದು ಟರ್ಬೊ ಬೇಕೆಂಬುದು ಕಾರಿನ ಒಡೆಯನ ಹಟ. ಟ್ರ್ಯಾಕಿನ ಓಟಕ್ಕಷ್ಟೇ, ರಸ್ತೆಗಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇಂಥ ಮಾರ್ಪಾಡನ್ನು ಒಪ್ಪುವುದಿಲ್ಲ.

ಎರಡು ಟರ್ಬೊ ಹೊಸತಲ್ಲ. 1981ರ ಮಸೆರಾಟಿ ಬೈಟರ್ಬೊ ಕಾರಿನ ವಿ6 ಎಂಜಿನ್‌ಗೆ ಮಗ್ಗುಲಿಗೆ ಮೂರರಂತೆ ಆರು ಸಿಲಿಂಡರು, ಮಗ್ಗುಲಿಗೊಂದು ಟರ್ಬೊ. ಇಲ್ಲಿರುವುದೇ ಮೂರು, ಹಂಚಲು ಬರುವುದಿಲ್ಲ. "ಒಂದರ ಬೆನ್ನಿಗೆ ಒಂದು ಕೂಡ್ಸಬೇಕ್ರಿ ಅಣ್ಣಾ," ಅನ್ನುತ್ತಾರೆ ಉಸ್ತಾದ್. ಸಣ್ಣದನ್ನು ದಾಟಿ ಬಂದ ಹೊಗೆ ದೊಡ್ಡದನ್ನು ತಿರುಗಿಸಬೇಕು. ದೊಡ್ಡದು ಒತ್ತಿದ ಗಾಳಿಯನ್ನು ಸಣ್ಣದು ಮತ್ತೆ ಒತ್ತಬೇಕು. ಒಂದೊಂದೂ ಒಂದೂವರೆ ಪಟ್ಟು ಒತ್ತಿದರೆ ಕೂಡುವುದಿಲ್ಲ, ಗುಣಿಸುತ್ತದೆ: 2.25.

ಆಮೇಲೆ ನೆಲದ ಮೇಲೆ ಚಾಕ್‌ಪೀಸಿನ ಲೆಕ್ಕ. ನನಗೆ ಇಡೀ ಗ್ಯಾರೇಜಿನಲ್ಲಿ ಇದಕ್ಕಿಂತ ಚೆಂದದ್ದು ಕಾಣಲಿಲ್ಲ. ಎರಡು ಸುತ್ತಿಗೆ ಒಮ್ಮೆ ಪೂರ್ತಿ ಉಸಿರು. 6,000 ಸುತ್ತಿನಲ್ಲಿ ನಿಮಿಷಕ್ಕೆ 3,600 ಲೀಟರ್. ಪೂರ್ತಿ ತುಂಬದು, 3,050 ಅನ್ನಿ. ಸಮುದ್ರ ಮಟ್ಟದ ತಂಪಿನಲ್ಲಿ ಘನ ಮೀಟರ್ ಗಾಳಿ 1.22 ಕೆಜಿ ತೂಗುತ್ತದೆ; 540 ಮೀಟರ್ ಎತ್ತರದ ಹೈದರಾಬಾದಿನ 40 ಡಿಗ್ರಿ ಬಿಸಿಲಲ್ಲಿ 1.06. ದಖನಿನ ಬೇಸಿಗೆ ಎಂಜಿನ್ನಿನ ತುತ್ತನ್ನೂ ಕಸಿಯುತ್ತದೆ. ಒತ್ತಿ, ಇಂಟರ್‌ಕೂಲರ್‌ನಲ್ಲಿ ತಣಿಸಿದ ಮೇಲೆ ಎಂಜಿನ್‌ಗೆ ದಕ್ಕುವುದು ನಿಮಿಷಕ್ಕೆ ಸುಮಾರು 6 ಕೆಜಿ. ತಣಿಸದಿದ್ದರೆ ಗಾಳಿ 150 ಡಿಗ್ರಿ ದಾಟುತ್ತದೆ. ಪೆಟ್ರೋಲ್ ಹೊತ್ತಿಗೆ ಮುಂಚೆ ಸಿಡಿದು ಪಿಸ್ಟನ್ ಒಡೆಯುತ್ತದೆ.

ಆ 6ರ ಸುತ್ತ ಉಸ್ತಾದ್ ಗೆರೆ ಎಳೆಯುತ್ತಾರೆ. ಒಡೆಯ ಹೊತ್ತು ತಂದ ಟರ್ಬೊ ಲಾರಿಯದು, ತೆಂಗಿನಕಾಯಿಯಷ್ಟು ದಪ್ಪ. ಮೂರು ಸಿಲಿಂಡರಿನ ಹೊಗೆಗೆ ಅದು ಎಚ್ಚರಗೊಳ್ಳುವಷ್ಟರಲ್ಲಿ ತಿರುವು ಮುಗಿದಿರುತ್ತದೆ. ಬಲವಂತಕ್ಕೆ ತಿರುಗಿದರೂ, ಅಷ್ಟು ಕಡಿಮೆ ಗಾಳಿಯಲ್ಲಿ ಒತ್ತಡ ಹಿಂದಕ್ಕೆ ನುಗ್ಗಿ ಚಕ್ರ ಬಡಬಡಿಸುತ್ತದೆ.

ಪೆಟ್ಟಿಗೆಯಿಂದ ಇನ್ನೊಂದು ಹೊರಬಂತು. ಎರಡು ಲೀಟರ್ ಡೀಸೆಲ್ ಕಾರಿನದು, ಅಂಗೈಯಲ್ಲಿ ಕೂರುವಂಥದ್ದು. ಉಸ್ತಾದ್ ಶಾಫ್ಟಿನ ತುದಿ ಹಿಡಿದು ಆಚೀಚೆ ಅಲುಗಿಸಿ ಆಟ ನೋಡಿದರು. ಬೆರಳಲ್ಲಿ ಒಮ್ಮೆ ಮೀಟಿದರು. ಚಕ್ರ ಸದ್ದಿಲ್ಲದೆ ತಿರುಗತೊಡಗಿತು. ಶಾಗಿರ್ದ ಲಾರಿಯದನ್ನು ಹಳೇ ಉರ್ದು ಪೇಪರಿನಲ್ಲಿ ಸುತ್ತಿ ಒಡೆಯನ ಕೈಗೆ ಕೊಟ್ಟ.