ತುಂಗೆಯ ಕಲ್ಲಿನಡಿ ಯಾರಿದ್ದಾರೆ?

ಗಂಗಾಮೂಲದಿಂದ ಇಳಿದು ಬರುವ ತುಂಗೆಯ ತಣ್ಣನೆ ತೊರೆ. ಅಲ್ಲಿನ ಒಂದು ಕಲ್ಲೆತ್ತಿ ಅಡಿಭಾಗ ನೋಡಿ. ಚಪ್ಪಟೆ ಮೈ, ಎಳೆಯಂಥ ಬಾಲ, ಹೊಟ್ಟೆಯ ಎರಡೂ ಬದಿ ಅಲುಗಾಡುವ ಕಿವಿರು. ಇದು ಮೇಫ್ಲೈ ಎಂಬ ಕೀಟದ ಮರಿ. ಪಕ್ಕದಲ್ಲೇ ಕ್ಯಾಡಿಸ್‌ಫ್ಲೈ ಮರಿ, ಮರಳಿನ ಕಾಳುಗಳನ್ನು ತನ್ನದೇ ರೇಷ್ಮೆಯಿಂದ ಅಂಟಿಸಿ ಕೊಳವೆಮನೆ ಕಟ್ಟಿಕೊಂಡಿದೆ. ಎಂಥ ಕುಸುರಿ ಕೆಲಸ!

ಇವಕ್ಕೆ ಬೇಕಾದ್ದು ರಭಸದ ನೀರು, ಅದರಲ್ಲಿ ಕರಗಿದ ಆಮ್ಲಜನಕ, ಕಾಡಿನಿಂದ ಉದುರಿದ ಎಲೆ. ತುಂಗೆ ಭದ್ರೆಯನ್ನು ಸೇರುವ ಕೂಡಲಿಯ ಕಡೆ ಇಳಿದಂತೆ ಹೊಳೆ ಅಗಲವಾಗುತ್ತದೆ, ನೀರು ಬೆಚ್ಚಗಾಗುತ್ತದೆ, ತಳದಲ್ಲಿ ಹೂಳು ಕೂರುತ್ತದೆ. ಅಲ್ಲಿ ಬಸವನಹುಳು, ಕಪ್ಪೆಚಿಪ್ಪು, ಸೀಗಡಿ. ಕೊಳಚೆ ಸೇರಿ ಆಮ್ಲಜನಕ ಕುಸಿದ ಕಡೆ ಕೆಂಪು ಹುಳುಗಳದ್ದೇ ರಾಜ್ಯ. ಆ ಕೆಂಪು ಬಣ್ಣ ಹಿಮೋಗ್ಲೋಬಿನ್‌ನದು, ನಮ್ಮ ರಕ್ತದಲ್ಲಿರುವಂಥದ್ದೇ.

ಇನ್ನು ಮಳೆಗಾಲ. ಆಷಾಢದ ನೆರೆ ಕಲ್ಲುಗಳನ್ನೇ ಉರುಳಿಸಿ ಮರಿಗಳನ್ನು ಕೊಚ್ಚಿಕೊಂಡು ಹೋಗುತ್ತದೆ. ಕೆಲವು ಮಾತ್ರ ತಳದ ಜಲ್ಲಿಯ ಸಂದಿಗೆ ಇಳಿದು ಬದುಕುತ್ತವೆ. ಮಳೆ ನಿಂತು ನೀರು ತಿಳಿಯಾದ ಮೇಲೆ, ರೆಕ್ಕೆ ಬಂದ ಹೆಣ್ಣುಗಳು ಹೊಸದಾಗಿ ಮೊಟ್ಟೆಯಿಟ್ಟು, ಸಂಖ್ಯೆ ಮತ್ತೆ ಏರುತ್ತದೆ. ಅದೇ ಜಾಗ, ಆದರೆ ಜುಲೈನಲ್ಲಿ ಸಿಗುವ ಜೀವಿಗಳ ಪಟ್ಟಿ ಬೇರೆ, ಜನವರಿಯದು ಬೇರೆ. ಅದಕ್ಕೇ ಈ ಜೀವಿಗಳನ್ನು ನೋಡಿ ಹೊಳೆಯ ಆರೋಗ್ಯ ಅಳೆಯುವವರು ಮಳೆಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ನೀರಿಗಿಳಿಯಲೇಬೇಕು.