ಗುಪ್ತಪದ ನಿರ್ವಾಹಕ

ಗುಪ್ತಪದ ನಿರ್ವಾಹಕ ಅಥವಾ ಪಾಸ್‌ವರ್ಡ್ ಮ್ಯಾನೇಜರ್ ಎಂಬುದು ಗುಪ್ತಪದಗಳನ್ನು ಗೂಢಲಿಪಿಗೆ ಪರಿವರ್ತಿಸಿ ಒಂದೆಡೆ ಕಾಪಿಡುವ ತಂತ್ರಾಂಶ. ಬಳಕೆದಾರರು ಒಂದು ಮುಖ್ಯ ಗುಪ್ತಪದವನ್ನು ನೆನಪಿಟ್ಟುಕೊಂಡರೆ ಸಾಕು. ಉಳಿದವನ್ನು ತಂತ್ರಾಂಶವೇ ರಚಿಸಿ ಕಾಯ್ದಿರಿಸುತ್ತದೆ.

ಅಗತ್ಯ

ಹಲವು ಜಾಲತಾಣಗಳಿಗೆ ಒಂದೇ ಗುಪ್ತಪದವನ್ನು ಬಳಸುವ ರೂಢಿ ವ್ಯಾಪಕವಾಗಿದೆ. ಅವುಗಳಲ್ಲಿ ಒಂದರ ಮಾಹಿತಿ ಸೋರಿಕೆಯಾದರೂ, ವಂಚಕರು ಅದೇ ಇಮೇಲ್ ವಿಳಾಸ ಮತ್ತು ಗುಪ್ತಪದವನ್ನು ಇತರ ತಾಣಗಳಲ್ಲಿ ಪ್ರಯೋಗಿಸುತ್ತಾರೆ. ಇಮೇಲ್ ಖಾತೆ ಅವರ ವಶವಾದರೆ ಹಾನಿ ಇನ್ನೂ ಹೆಚ್ಚು. ಏಕೆಂದರೆ ಬೇರೆ ಖಾತೆಗಳ ಗುಪ್ತಪದವನ್ನು ಬದಲಿಸುವ ಕೊಂಡಿಗಳು ಸಾಮಾನ್ಯವಾಗಿ ಅಲ್ಲಿಗೇ ಬರುತ್ತವೆ. ಪ್ರತಿ ಖಾತೆಗೂ ಪ್ರತ್ಯೇಕ ಗುಪ್ತಪದವಿದ್ದರೆ ಒಂದು ಸೋರಿಕೆಯ ಹಾನಿ ಆ ಒಂದು ಖಾತೆಗೇ ಸೀಮಿತವಾಗುತ್ತದೆ.

ಉಚಿತ ಸಾಧನಗಳು

* ಕೀಪಾಸ್: ಡೊಮಿನಿಕ್ ರೈಶ್ಲ್ ರೂಪಿಸಿದ ಮುಕ್ತ ತಂತ್ರಾಂಶ. ಗುಪ್ತಪದಗಳ ಕಡತವು ಬಳಕೆದಾರರ ಗಣಕದಲ್ಲಿಯೇ ಇರುತ್ತದೆ.
* ಬಿಟ್‌ವಾರ್ಡನ್: 2016ರಲ್ಲಿ ಬಿಡುಗಡೆಯಾಯಿತು. ಗೂಢಲಿಪಿಯಲ್ಲಿರುವ ಮಾಹಿತಿಯನ್ನು ಅಂತರಜಾಲದ ಮೂಲಕ ಗಣಕ ಮತ್ತು ಮೊಬೈಲುಗಳೆರಡರಲ್ಲಿಯೂ ಒದಗಿಸುತ್ತದೆ.
* ಹ್ಯಾವ್ ಐ ಬೀನ್ ಪೋನ್ಡ್: ಆಸ್ಟ್ರೇಲಿಯಾದ ಟ್ರಾಯ್ ಹಂಟ್ 2013ರಲ್ಲಿ ಆರಂಭಿಸಿದ ಜಾಲತಾಣ. ಇಮೇಲ್ ವಿಳಾಸವನ್ನು ನಮೂದಿಸಿದರೆ, ಅದು ತಿಳಿದುಬಂದ ಸೋರಿಕೆಗಳಲ್ಲಿ ಸೇರಿದೆಯೇ ಎಂಬುದನ್ನು ತಿಳಿಸುತ್ತದೆ.

ಮುನ್ನೆಚ್ಚರಿಕೆಗಳು

ಮುಖ್ಯ ಗುಪ್ತಪದ ಮರೆತುಹೋದರೆ ಕೀಪಾಸ್ ಕಡತವನ್ನು ತಯಾರಕರೂ ತೆರೆಯಲಾರರು. ಆದುದರಿಂದ ಪರಸ್ಪರ ಸಂಬಂಧವಿಲ್ಲದ ನಾಲ್ಕೈದು ಪದಗಳ ದೀರ್ಘ ಗುಪ್ತಪದವನ್ನು ಆರಿಸಿಕೊಂಡು, ಅದನ್ನು ಕಾಗದದಲ್ಲಿ ಬರೆದು ಮನೆಯಲ್ಲಿ ಭದ್ರವಾಗಿಡುವುದು ಒಳ್ಳೆಯದು. ಕಡತದ ಇನ್ನೊಂದು ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಇರಿಸಬೇಕು. ತಂತ್ರಾಂಶವನ್ನು ಅದರ ಅಧಿಕೃತ ತಾಣದಿಂದಲೇ ಪಡೆಯಬೇಕು. ಯಾವ ನಿರ್ವಾಹಕವೂ ಒಟಿಪಿಯನ್ನು ಅನ್ಯರಿಗೆ ಹೇಳಿಬಿಡುವುದರಿಂದಾಗುವ ನಷ್ಟವನ್ನು ತಡೆಯಲಾರದು. ಭಾರತದಲ್ಲಿ ಆನ್‌ಲೈನ್ ವಂಚನೆಯಿಂದ ಹಣ ಕಳೆದುಕೊಂಡವರು ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಬೇಕು.